ಹಳೇ ಡಿ ಅಂಡ್ ಡಿಯಲ್ಲೇ ಆಡುವುದು ಹೇಗೆ: 2014ರ ನಿಯಮ ಕೈತಪ್ಪದಂತೆ ಗುಂಪು ನಡೆಸಲು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ: ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಕ್ಯಾರೆಕ್ಟರ್ ಆಗಿ ಕತೆ ನಡೆಸುವ ಆಟ) ಆಡುವ ಗುಂಪುಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತಿವೆ. ಐದನೇ ಎಡಿಷನ್ನಿನ ಹಳೇ ಪುಸ್ತಕ, ಅಂದರೆ 2014ರದ್ದು, ಅದರಲ್ಲೇ ಆಡೋಣ ಅಂತ ಎಲ್ಲರೂ ಒಪ್ಪುತ್ತಾರೆ. ಕೆಲವು ಭಾನುವಾರ ಕಳೆಯುವಷ್ಟರಲ್ಲಿ ಮೇಜಿನ ಮೇಲೆ ಅರ್ಧ ಹಳೇದು, ಅರ್ಧ ಹೊಸದು. ಅಲ್ಲಿಂದ ಜಗಳ, ಆಮೇಲೆ ಬೇಸರ, ಕೊನೆಗೆ ಗುಂಪೇ ನಿಂತುಹೋಗುತ್ತದೆ.

ಹಳೇ ನಿಯಮ ಕೆಟ್ಟದ್ದು ಅಂತ ಯಾರೂ ಬಿಡುವುದಿಲ್ಲ. ಯಾರೂ ತೀರ್ಮಾನ ಮಾಡದೆಯೇ ಎರಡು ನಿಯಮ ಬೆರೆತುಹೋಗುವುದೇ ತೊಂದರೆ. 2024ರಲ್ಲಿ ಬಂದ ಪುಸ್ತಕದಲ್ಲೂ ಮಂತ್ರಗಳ ಹೆಸರು ಬಹುಪಾಲು ಅವೇ, ಕ್ಲಾಸ್‌ಗಳ (ಫೈಟರ್, ವಿಜರ್ಡ್ ಥರದ ಕ್ಯಾರೆಕ್ಟರ್ ಬಗೆಗಳ) ಹೆಸರೂ ಅವೇ. ಒಳಗಿನ ಲೆಕ್ಕ ಮಾತ್ರ ಬೇರೆ. ಹೆಸರು ಒಂದೇ ಇದ್ದರೆ ಬೆರೆತಿದ್ದು ಹೇಗೆ ಗೊತ್ತಾಗಬೇಕು? ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ಮುಖ್ಯ. ಕ್ಯಾರೆಕ್ಟರ್ ಮಾಡಿದ ಮೇಲೆ ಪುಸ್ತಕದ ಪಟ್ಟಿ ಮಾಡಲು ಹೋದರೆ ಕೆಲಸ ಎರಡು ಪಟ್ಟಾಗುತ್ತದೆ.

ನೀವು 3.5 ಅಥವಾ ಅದಕ್ಕಿಂತ ಹಳೇ ಎಡಿಷನ್ ಹಿಡಿದಿದ್ದರೆ 1, 5 ಮತ್ತು 9ನೇ ಹಂತಗಳು ನಿಮಗೂ ಹಾಗೇ ಹೊಂದುತ್ತವೆ. ಅಂಕಿ-ಸಂಖ್ಯೆಯ ಭಾಗ ಮಾತ್ರ 2014ರ ನಿಯಮಕ್ಕೆ.

ಕೈಯಲ್ಲಿ ಇರಬೇಕಾದ ಸಾಮಾನು

2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಗುಂಪಿಗೆ ಒಂದಾದರೂ ಬೇಕು. ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಹತ್ತಿರ ಅದೇ ವರ್ಷದ ಮಾನ್‌ಸ್ಟರ್ ಮ್ಯಾನ್ಯುಯಲ್ ಮತ್ತು ಡಂಜನ್ ಮಾಸ್ಟರ್ಸ್ ಗೈಡ್ ಇದ್ದರೆ ತುಂಬಾ ಒಳ್ಳೆಯದು. ಇಲ್ಲದಿದ್ದರೂ ದಾರಿ ಇದೆ, 2ನೇ ಹಂತದಲ್ಲಿ ಹೇಳುತ್ತೇನೆ.

ದಾಳಗಳ ಒಂದು ಸೆಟ್: 4, 6, 8, 10, 12, 20 ಮುಖದವು. ನಮ್ಮ ಕಡೆ ಆಟಿಕೆ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಆರು ಮುಖದ್ದೇ. ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಿ, ಬರುವವರೆಗೆ ಫೋನಿನ ದಾಳದ ಆಪ್ ಸಾಕು.

ಒಂದು ಉದ್ದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಒಂದಿಷ್ಟು ಚಾರ್ಟ್ ಪೇಪರ್. ಚಾರ್ಟ್ ಮೇಲೆ ಒಂದು ಇಂಚಿನ ಚೌಕ ಎಳೆಯಿರಿ. ಒಂದು ಚೌಕ ಅಂದರೆ ಆಟದಲ್ಲಿ 5 ಅಡಿ. ಬೊಂಬೆಗಳ ಬದಲು ಒಂದು ರೂಪಾಯಿ ನಾಣ್ಯ, ಅಂಗಿ ಗುಂಡಿ, ಹುಣಸೆ ಬೀಜ ಎಲ್ಲವೂ ನಡೆಯುತ್ತವೆ. ಕೇರಂ ಪಾನು ಮಾತ್ರ ಇಂಚಿನ ಚೌಕಕ್ಕಿಂತ ದೊಡ್ಡದು, ಪಕ್ಕದ ಚೌಕಕ್ಕೂ ಚಾಚುತ್ತದೆ. ಅದನ್ನೇ ಬಳಸುವುದಾದರೆ ಚೌಕವನ್ನು ಮೂರೂವರೆ ಸೆಂಟಿಮೀಟರ್ ಮಾಡಿಕೊಳ್ಳಿ.

ಹಂತ 1: ಎಲ್ಲಕ್ಕಿಂತ ಮೊದಲು ಗೆರೆ ಎಳೆಯಿರಿ

"ಹಳೇದು ಆಡೋಣ" ಅಂದರೆ ಸಾಲದು. ಯಾವ ಪುಸ್ತಕ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ಹೆಸರು ಹಿಡಿದು ಬರೆಯಬೇಕು. ನೋಟ್‌ಬುಕ್ಕಿನ ಮೊದಲ ಪುಟ ಇದಕ್ಕೇ ಮೀಸಲು.

ಹೊಸ ಗುಂಪಾದರೆ 2014ರ ಮೂರು ಮೂಲ ಪುಸ್ತಕ ಮಾತ್ರ ಇಟ್ಟುಕೊಳ್ಳಿ. ಅನುಭವ ಇದ್ದವರು 2017ರ ಜಾನಥಾರ್ಸ್ ಗೈಡ್ ಟು ಎವೆರಿಥಿಂಗ್ ಸೇರಿಸಬಹುದು. 2020ರ ಟಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಬಗ್ಗೆ ಕೂತು ಮಾತಾಡಿ ತೀರ್ಮಾನ ಮಾಡಿ. ಅದರಲ್ಲಿ ಕ್ಯಾರೆಕ್ಟರ್‌ನ ಜನಾಂಗದಿಂದ (ರೇಸ್: ಮನುಷ್ಯ, ಎಲ್ಫ್, ಹೀಗೆ) ಬರುವ ಶಕ್ತಿ, ಚುರುಕುತನದ ಅಂಕದ ಹೆಚ್ಚಳವನ್ನು ಬೇಕಾದ ಕಡೆ ಹಾಕಿಕೊಳ್ಳುವ ಐಚ್ಛಿಕ ನಿಯಮ ಇದೆ. ಒಬ್ಬರು ಅದನ್ನು ಬಳಸಿ ಇನ್ನೊಬ್ಬರು ಬಳಸದಿದ್ದರೆ ಮೊದಲ ದಿನವೇ ತಕರಾರು.

ಗೆರೆ ಎಳೆದ ಮೇಲೆ ಒಬ್ಬರನ್ನು ನಿಯಮ ನೋಡಿಕೊಳ್ಳುವವರಾಗಿ ಮಾಡಿ. ಆ ಕೆಲಸ ಡಿಎಂ ಮೇಲೆ ಬೀಳದಿದ್ದರೆ ಒಳ್ಳೆಯದು. ಡಿಎಂಗೆ ಕತೆ, ರಾಕ್ಷಸರು, ನಕ್ಷೆ ಅಂತ ಕೈತುಂಬಾ ಕೆಲಸ ಇರುತ್ತದೆ. ಪುಸ್ತಕ ತೆಗೆದು ಪುಟ ಹುಡುಕುವವರು ಬೇರೆಯವರಿದ್ದರೆ ಆಟ ನಿಲ್ಲುವುದಿಲ್ಲ. ಕೊನೆಯ ಮಾತು ಮಾತ್ರ ಡಿಎಂದೇ.

ಇಲ್ಲಿ ಆಗುವ ದೊಡ್ಡ ತಪ್ಪು: "ಹೊಸದರಲ್ಲಿ ಚಲೋ ಇರೋದನ್ನ ತಗೊಳ್ಳೋಣ" ಅಂತ ಬಾಗಿಲು ಅರ್ಧ ತೆರೆದಿಡುವುದು. ಚಲೋ ಇರುವುದು ಯಾವುದು ಅಂತ ಪ್ರತಿಯೊಬ್ಬರಿಗೂ ತಮ್ಮ ಕ್ಯಾರೆಕ್ಟರ್‌ಗೆ ಲಾಭ ಆಗುವುದೇ ಕಾಣುತ್ತದೆ. ಎಲ್ಲರ ಕ್ಯಾರೆಕ್ಟರ್ 3ನೇ ಲೆವೆಲ್ ಮುಟ್ಟುವವರೆಗೆ ಹೊಸದರಿಂದ ಏನನ್ನೂ ತರಬೇಡಿ. ಆಮೇಲೆ ಬೇಕಾದರೆ ಒಂದೊಂದೇ ನಿಯಮ, ಎಲ್ಲರೂ ಒಪ್ಪಿ, ತಾರೀಖು ಹಾಕಿ ಬರೆದು ತನ್ನಿ.

ಹಂತ 2: ಪುಸ್ತಕ ಕೈಗೆ ಮಾಡಿಕೊಳ್ಳಿ

ಹಳೇ ಮತ್ತು ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಎರಡಕ್ಕೂ ಹೆಸರು ಒಂದೇ. ಆನ್‌ಲೈನ್ ಅಂಗಡಿಯಲ್ಲಿ ಫೋಟೋ ಒಂದು, ಬರುವ ಪುಸ್ತಕ ಇನ್ನೊಂದು ಆಗಬಹುದು. ಹಣ ಕಟ್ಟುವ ಮುಂಚೆ ಪುಟ ಸಂಖ್ಯೆ ನೋಡಿ. 2014ರದ್ದು 320 ಪುಟ, 2024ರದ್ದು 384 ಪುಟ. ಮುಖಪುಟದಲ್ಲೂ ಗುರುತು ಸಿಗುತ್ತದೆ. ಹಳೆಯದರಲ್ಲಿ ಬೆಂಕಿಯ ದೈತ್ಯ, ಹೊಸದರಲ್ಲಿ ಬಂಗಾರದ ಡ್ರ್ಯಾಗನ್. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಒಳಪುಟದ ಫೋಟೋ ಕೇಳಿ ತರಿಸಿಕೊಳ್ಳಿ. ಬೆಲೆ ತೀರಾ ಕಡಿಮೆ, ಅಕ್ಷರ ಮಸುಕು, ಚಿತ್ರದ ಬಣ್ಣ ಚೆದುರಿದ್ದರೆ ಅದು ಕಳ್ಳ ಪ್ರತಿ ಅಂತ ತಿಳಿಯಿರಿ.

ಪುಸ್ತಕ ಸಿಗಲಿಲ್ಲ, ಅಥವಾ ಸದ್ಯ ಅಷ್ಟು ದುಡ್ಡು ಇಲ್ಲ. ಕಾಲೇಜು ಹುಡುಗರ ಗುಂಪಿನಲ್ಲಿ ಇದೇ ಜಾಸ್ತಿ ಅಲ್ವಾ? ಇಲ್ಲಿ ಎಸ್‌ಆರ್‌ಡಿ 5.1 (ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್) ಅನ್ನುವ ಕಡತ ನಿಮ್ಮ ಬಲ. 2014ರ ನಿಯಮಗಳ ತಿರುಳು ಅದರಲ್ಲಿದೆ. 2023ರ ಜನವರಿಯಲ್ಲಿ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಅದನ್ನು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಲ್ಲಿ ಬಿಟ್ಟರು. ಈ ಪರವಾನಗಿಯನ್ನು ಕೊಟ್ಟವರು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಅಂದರೆ ಹಳೇ ನಿಯಮ ಅಂಗಡಿಯಿಂದ ಮಾಯವಾದರೂ ನಿಮ್ಮಿಂದ ಮಾಯವಾಗುವುದಿಲ್ಲ. ಮುದ್ರಿಸಬಹುದು, ಹಂಚಬಹುದು, ಕನ್ನಡಕ್ಕೆ ತಂದುಕೊಳ್ಳಬಹುದು. ಷರತ್ತು ಇಷ್ಟೇ: ಮೂಲ ಯಾರದ್ದು, ಯಾವ ಪರವಾನಗಿ, ನೀವು ಏನು ಬದಲಿಸಿದ್ದೀರಿ ಅಂತ ಪ್ರತಿಯಲ್ಲಿ ಬರೆಯಬೇಕು.

ಕಡತ ಇಳಿಸುವಾಗ 5.1 ಅನ್ನುವ ಅಂಕಿ ಕಣ್ಣಿಟ್ಟು ನೋಡಿ. 2025ರಲ್ಲಿ ಬಂದ 5.2 ಹೊಸ ನಿಯಮದ್ದು. ಇದೊಂದು ಅಂಕಿ ತಪ್ಪಿದರೆ ಇಡೀ ಕೆಲಸ ತಪ್ಪು.

400ಕ್ಕೂ ಜಾಸ್ತಿ ಪುಟ ಇದೆ, ಎಲ್ಲ ಮುದ್ರಿಸಬೇಡಿ. ಕಾಳಗದ ಅಧ್ಯಾಯ, ಮಂತ್ರಗಳು, ಸ್ಥಿತಿಗಳ ಪಟ್ಟಿ, ನಿಮ್ಮ ಗುಂಪಿನಲ್ಲಿರುವ ಕ್ಲಾಸ್‌ಗಳು, ಇಷ್ಟು ಸಾಕು. ಕಾಲೇಜಿನ ಆಸುಪಾಸಿನ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿ. ಗದಗಿನವರಿಗಂತೂ ಊರಿನಲ್ಲೇ ಪ್ರೆಸ್‌ಗಳಿವೆ. ಆದರೆ ಕೊಂಡ ಪುಸ್ತಕವನ್ನೇ ಇಡಿಯಾಗಿ ಜೆರಾಕ್ಸ್ ಮಾಡಿಸುವುದು ಬೇಡ. ಅದಕ್ಕೆ ಹಕ್ಕುಸ್ವಾಮ್ಯ ಇದೆ. ಎಸ್‌ಆರ್‌ಡಿ ಉಚಿತವಾಗಿ ಇರುವಾಗ ಅದರ ಅಗತ್ಯವೂ ಇಲ್ಲ.

ಎಸ್‌ಆರ್‌ಡಿಯ ಕೊರತೆಯನ್ನೂ ತಿಳಿದುಕೊಳ್ಳಿ. ಪ್ರತಿ ಕ್ಲಾಸ್‌ಗೆ ಒಂದೇ ಸಬ್‌ಕ್ಲಾಸ್ (ಕ್ಲಾಸ್‌ನ ಒಳಬಗೆ) ಕೊಟ್ಟಿದ್ದಾರೆ. ಫೈಟರ್‌ಗೆ ಚಾಂಪಿಯನ್, ರೋಗ್‌ಗೆ ಥೀಫ್, ಕ್ಲೆರಿಕ್‌ಗೆ ಲೈಫ್ ಡೊಮೇನ್, ಹೀಗೆ. ಬ್ಯಾಕ್‌ಗ್ರೌಂಡ್ (ಕ್ಯಾರೆಕ್ಟರ್‌ನ ಹಿಂದಿನ ಬದುಕು) ಒಂದೇ, ಫೀಟ್ (ವಿಶೇಷ ಸಾಮರ್ಥ್ಯ) ಕೂಡ ಒಂದೇ. ಮೊದಲ ಕತೆಗೆ ಇದು ಧಾರಾಳ ಸಾಕು. ಆಯ್ಕೆ ಕಡಿಮೆ ಇದ್ದಾಗ ಹೊಸಬರು ಬೇಗ ಕಲಿಯುತ್ತಾರೆ ಕೂಡ.

ಹಂತ 3: ತಪ್ಪುವ ಜಾಗಗಳ ಒಂದು ಹಾಳೆ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ನಿಮಗೆ ಸಮಯ ಇದ್ದರೆ ಇದನ್ನೇ ಮಾಡಿ. ಎರಡೂ ಪುಸ್ತಕದಲ್ಲಿ ಹೆಸರು ಒಂದೇ ಇದ್ದು ನಿಯಮ ಬೇರೆ ಇರುವ ಜಾಗಗಳನ್ನು ಒಂದು ಎ4 ಹಾಳೆಯಲ್ಲಿ ಬರೆದು, ಲ್ಯಾಮಿನೇಷನ್ ಮಾಡಿಸಿ, ಮೇಜಿನ ನಡುವೆ ಇಡಿ. ಹಾಳೆಯಲ್ಲಿ ಹಳೇ ನಿಯಮ ಮಾತ್ರ ಬರೆಯಿರಿ. ಎರಡನ್ನೂ ಅಕ್ಕಪಕ್ಕ ಬರೆದರೆ ಅವಸರದಲ್ಲಿ ಕಣ್ಣು ತಪ್ಪು ಸಾಲಿಗೆ ಹೋಗುತ್ತದೆ. ವ್ಯತ್ಯಾಸ ತಿಳಿಯಲಿ ಅಂತ ಇಲ್ಲಿ ಮಾತ್ರ ಎರಡನ್ನೂ ಹೇಳುತ್ತಿದ್ದೇನೆ.

ಗುಣಪಡಿಸುವ ಮಂತ್ರಗಳು ಮೊದಲು. ಹಳೇ ನಿಯಮದಲ್ಲಿ ಕ್ಯೂರ್ ವೂಂಡ್ಸ್ ಒಂದು ಡಿ8 (8 ಮುಖದ ದಾಳ), ಅದಕ್ಕೆ ಮಂತ್ರದ ಅಂಕ (ಸ್ಪೆಲ್‌ಕಾಸ್ಟಿಂಗ್ ಮಾಡಿಫೈಯರ್) ಸೇರಿಸಬೇಕು. ಹೀಲಿಂಗ್ ವರ್ಡ್ ಒಂದು ಡಿ4, ಅದಕ್ಕೂ ಹಾಗೆಯೇ. ಹೊಸದರಲ್ಲಿ ಎರಡಕ್ಕೂ ದಾಳ ಎರಡೆರಡು. ಕ್ಲೆರಿಕ್ ಆಡುವವರು ಹೊಸ ಲೆಕ್ಕ ಹಿಡಿದರೆ ಯಾರೂ ಸಾಯುವುದೇ ಇಲ್ಲ, ಭಯವೂ ಇರುವುದಿಲ್ಲ.

ಔಷಧದ ಬಾಟಲಿ, ಅಂದರೆ ಪೋಷನ್ ಕುಡಿಯಲು ಹಳೇದರಲ್ಲಿ ಪೂರ್ತಿ ಒಂದು ಆಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕು. ಹೊಸದರಲ್ಲಿ ಬೋನಸ್ ಆಕ್ಷನ್ (ಅದರ ಜೊತೆಗೆ ಮಾಡಬಹುದಾದ ಚಿಕ್ಕ ಕೆಲಸ) ಸಾಕು. ಹೊಸ ಪುಸ್ತಕ ಬರುವ ಮುಂಚೆಯೇ ಬಹಳ ಗುಂಪುಗಳು ಮನೆ ನಿಯಮವಾಗಿ ಹೀಗೆ ಆಡುತ್ತಿದ್ದವು. ನೀವೂ ಆಡಬಹುದು, ಆದರೆ ಮನೆ ನಿಯಮ ಅಂತ ಬರೆದೇ ಆಡಿ.

ಸರ್‌ಪ್ರೈಸ್. ಹಳೇದರಲ್ಲಿ ಅಚಾನಕ್ಕಾಗಿ ಸಿಕ್ಕಿಬಿದ್ದವರು ಮೊದಲ ಸುತ್ತಿನ ತಮ್ಮ ಸರದಿಯಲ್ಲಿ ಚಲಿಸುವ ಹಾಗಿಲ್ಲ, ಏನೂ ಮಾಡುವ ಹಾಗಿಲ್ಲ. ಹೊಸದರಲ್ಲಿ ಇನಿಶಿಯೇಟಿವ್ (ಸರದಿಯ ಕ್ರಮದ) ದಾಳಕ್ಕೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಹಾಕಿ ಕಡಿಮೆ ಬಿದ್ದದ್ದನ್ನು ಹಿಡಿಯುವುದು) ಅಷ್ಟೇ. ಕಾಡಿನ ದಾರಿಯಲ್ಲಿ ಹೊಂಚು ಹಾಕಿದ ಗಾಬ್ಲಿನ್‌ಗಳು ಹಳೇ ನಿಯಮದಲ್ಲಿ ಎಷ್ಟು ಅಪಾಯ ಅಂತ ಇದರಿಂದಲೇ ಗೊತ್ತಾಗುತ್ತದೆ.

ಅಡಗುವುದು. ಹಳೇದರಲ್ಲಿ ನಿಮ್ಮ ಸ್ಟೆಲ್ತ್ ದಾಳ, ಎದುರಿಗಿನವರ ಪ್ಯಾಸಿವ್ ಪರ್ಸೆಪ್ಷನ್ (ದಾಳ ಹಾಕದೆಯೇ ಇರುವ ಗಮನದ ಅಂಕ), ಯಾವುದು ಜಾಸ್ತಿ ಅಂತ ನೋಡಬೇಕು. ಹೊಸದರಲ್ಲಿ ಮೊದಲು 15 ಮುಟ್ಟಬೇಕು ಅನ್ನುವ ಲೆಕ್ಕ ಬಂದಿದೆ.

ಹಿಡಿದುಕೊಳ್ಳುವುದು, ಅಂದರೆ ಗ್ರ್ಯಾಪಲ್. ಹಳೇದರಲ್ಲಿ ಇಬ್ಬರೂ ದಾಳ ಹಾಕುತ್ತಾರೆ. ಹಿಡಿಯುವವರು ಅಥ್ಲೆಟಿಕ್ಸ್, ತಪ್ಪಿಸಿಕೊಳ್ಳುವವರು ಅಥ್ಲೆಟಿಕ್ಸ್ ಅಥವಾ ಅಕ್ರೋಬ್ಯಾಟಿಕ್ಸ್. ನಮ್ಮ ಕಡೆ ಕುಸ್ತಿ ನೋಡಿ ಬೆಳೆದವರಿಗೆ ಈ ಪಟ್ಟು-ಮರುಪಟ್ಟಿನ ಲೆಕ್ಕವೇ ಹಿಡಿಸುತ್ತದೆ. ಹೊಸದರಲ್ಲಿ ಸಿಕ್ಕಿಕೊಂಡವರು ಒಂದು ಸೇವಿಂಗ್ ಥ್ರೋ (ಅಪಾಯ ತಪ್ಪಿಸಿಕೊಳ್ಳುವ ದಾಳ) ಹಾಕಿದರೆ ಮುಗಿಯಿತು.

ದಣಿವು, ಅಂದರೆ ಎಕ್ಸಾಸ್ಷನ್. ಹಳೇದರಲ್ಲಿ ಆರು ಮೆಟ್ಟಿಲು, ಒಂದೊಂದು ಮೆಟ್ಟಿಲಿಗೆ ಒಂದೊಂದು ಶಿಕ್ಷೆ, ಹಿಂದಿನದೂ ಜೊತೆಗೇ ಇರುತ್ತದೆ. 1ರಲ್ಲಿ ಎಬಿಲಿಟಿ ಚೆಕ್‌ಗೆ ಡಿಸ್‌ಅಡ್ವಾಂಟೇಜ್. 2ರಲ್ಲಿ ವೇಗ ಅರ್ಧ. 3ರಲ್ಲಿ ಹೊಡೆತಕ್ಕೂ ಸೇವಿಂಗ್ ಥ್ರೋಗೂ ಡಿಸ್‌ಅಡ್ವಾಂಟೇಜ್. 4ರಲ್ಲಿ ಗರಿಷ್ಠ ಹಿಟ್ ಪಾಯಿಂಟ್ (ಜೀವದ ಅಂಕ) ಅರ್ಧ. 5ರಲ್ಲಿ ವೇಗ ಸೊನ್ನೆ. 6ರಲ್ಲಿ ಸಾವು. ಇದನ್ನು ಪೂರ್ತಿ ಹಾಳೆಯಲ್ಲಿ ಬರೆಯಿರಿ. ಬಾಯಿಪಾಠ ಯಾರಿಗೂ ಇರುವುದಿಲ್ಲ.

ಲಾಂಗ್ ರೆಸ್ಟ್ (ಆಟದೊಳಗಿನ ರಾತ್ರಿಯ ವಿಶ್ರಾಂತಿ) ಆದ ಮೇಲೆ ಹಳೇದರಲ್ಲಿ ಹಿಟ್ ಪಾಯಿಂಟ್ ಎಲ್ಲ ವಾಪಸ್ ಬರುತ್ತದೆ. ಹಿಟ್ ಡೈಸ್ (ಚಿಕ್ಕ ವಿಶ್ರಾಂತಿಯಲ್ಲಿ ಗುಣವಾಗಲು ಹಾಕುವ ದಾಳಗಳು) ಮಾತ್ರ ಒಟ್ಟು ಲೆಕ್ಕದ ಅರ್ಧದಷ್ಟೇ, ಕನಿಷ್ಠ ಒಂದು. ಹೊಸದರಲ್ಲಿ ಎಲ್ಲವೂ ಬರುತ್ತದೆ. ಈ ತಪ್ಪು ಯಾರ ಕಣ್ಣಿಗೂ ಬೀಳದೆ ಎಷ್ಟೋ ಸೆಷನ್ ನಡೆಯುತ್ತದೆ.

ಬೋನಸ್ ಆಕ್ಷನ್‌ನಲ್ಲಿ ಮಂತ್ರ ಹಾಕಿದರೆ ಅದೇ ಸರದಿಯಲ್ಲಿ ಇನ್ನೊಂದು ಮಂತ್ರ ಹಾಕಬಹುದು. ಆದರೆ ಅದು ಒಂದು ಆಕ್ಷನ್ ಹಿಡಿಯುವ ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಹಾಕಬಹುದಾದ ಚಿಕ್ಕ ಮಂತ್ರ) ಮಾತ್ರ ಆಗಿರಬೇಕು. ಇದು ಹಳೇ ನಿಯಮ. ಹಳೇ ಆಟಗಾರರೂ ಇದರಲ್ಲಿ ಎಡವುತ್ತಾರೆ.

ಕೊನೆಗೆ ಮೂರು ಮಂತ್ರಗಳ ಮಾತು. ಸ್ಪಿರಿಚುವಲ್ ವೆಪನ್‌ಗೆ ಹಳೇದರಲ್ಲಿ ಕಾನ್ಸಂಟ್ರೇಷನ್ (ಮಂತ್ರ ಉಳಿಸಿಕೊಳ್ಳಲು ಬೇಕಾದ ಏಕಾಗ್ರತೆ) ಬೇಡ. ಕೌಂಟರ್‌ಸ್ಪೆಲ್ 3ನೇ ಲೆವೆಲ್‌ವರೆಗಿನ ಮಂತ್ರವನ್ನು ತಾನೇ ತಡೆಯುತ್ತದೆ, ಅದಕ್ಕಿಂತ ಮೇಲಿನದ್ದಾದರೆ ತಡೆಯುವವರೇ ದಾಳ ಹಾಕಬೇಕು. ಪ್ಯಾಲಡಿನ್‌ನ ಡಿವೈನ್ ಸ್ಮೈಟ್ ಹಳೇದರಲ್ಲಿ ಮಂತ್ರವೇ ಅಲ್ಲ. ಹೊಡೆತ ತಾಗಿದ ಮೇಲೆ ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಖರ್ಚು ಮಾಡುವ ಪಾಲು) ಕೊಟ್ಟು ಸೇರಿಸುವ ಶಕ್ತಿ ಅದು, ಬೋನಸ್ ಆಕ್ಷನ್ ಬೇಕಿಲ್ಲ.

ಏನು ಬದಲಾಗಿಲ್ಲ ಅನ್ನುವುದೂ ಗೊತ್ತಿರಲಿ, ಇಲ್ಲದಿದ್ದರೆ ಎಲ್ಲದಕ್ಕೂ ಅನುಮಾನ ಶುರುವಾಗುತ್ತದೆ. ಡೆತ್ ಸೇವ್ (ಸಾಯುವ ಹಂತದಲ್ಲಿದ್ದಾಗ ಹಾಕುವ ದಾಳ) 10ಕ್ಕೆ, ಮೂರು ಗೆಲುವು ಅಥವಾ ಮೂರು ಸೋಲು. ಪ್ರಾವೀಣ್ಯದ ಅಂಕ 2ರಿಂದ 6. ಸುಲಭ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20. ಇವೆಲ್ಲ ಎರಡರಲ್ಲೂ ಒಂದೇ.

ಹಂತ 4: ಕ್ಯಾರೆಕ್ಟರ್ ಶೀಟ್ ತಪಾಸಣೆ

ಮೊದಲ ಸೆಷನ್‌ಗೆ ಮುಂಚೆ ಎಲ್ಲರ ಶೀಟ್ ತರಿಸಿಕೊಂಡು ನೋಡಿ. ಹೊಸ ನಿಯಮದ ಶೀಟ್ ಗುರುತಿಸುವುದು ಕಷ್ಟವಲ್ಲ. ಕತ್ತಿ, ಬಿಲ್ಲುಗಳ ಹೆಸರಿನ ಪಕ್ಕ ವೆಕ್ಸ್, ಟಾಪಲ್, ಸ್ಯಾಪ್, ಕ್ಲೀವ್ ಅಂತ ಇದ್ದರೆ ಅದು 2024ರದ್ದು. ರೇಸ್ ಅಂತ ಇರಬೇಕಾದಲ್ಲಿ ಸ್ಪೀಷೀಸ್ ಅಂತ ಇದ್ದರೂ ಅಷ್ಟೇ. ಶಕ್ತಿ, ಚುರುಕುತನದ ಅಂಕಗಳ ಹೆಚ್ಚಳ ಎಲ್ಲಿಂದ ಬಂತು ಅಂತ ಕೇಳಿ. ಹಳೇದರಲ್ಲಿ ಜನಾಂಗದಿಂದ ಬರಬೇಕು. ಬ್ಯಾಕ್‌ಗ್ರೌಂಡಿನಿಂದ ಬಂತು ಅಂದರೆ ಶೀಟ್ ಮತ್ತೆ ಮಾಡಿಸಿ.

1ನೇ ಲೆವೆಲ್‌ನಲ್ಲೇ ಫೀಟ್ ಕಂಡರೆ ತಕ್ಷಣ ತಪ್ಪು ಅನ್ನಬೇಡಿ. 2014ರಲ್ಲೂ ವೇರಿಯಂಟ್ ಹ್ಯೂಮನ್‌ಗೆ ಒಂದು ಫೀಟ್ ಸಿಗುತ್ತದೆ. ಬೇರೆ ಯಾರಿಗಾದರೂ ಇದ್ದರೆ ಮಾತ್ರ ಪ್ರಶ್ನೆ ಮಾಡಿ.

ಸಬ್‌ಕ್ಲಾಸ್ ಯಾವಾಗ ಅನ್ನುವುದೂ ಮುಖ್ಯ. ಹಳೇದರಲ್ಲಿ ಕ್ಲೆರಿಕ್, ಸಾರ್ಸರರ್, ವಾರ್‌ಲಾಕ್ 1ನೇ ಲೆವೆಲ್‌ನಲ್ಲೇ ಆರಿಸುತ್ತಾರೆ. ಡ್ರೂಯಿಡ್, ವಿಜರ್ಡ್ 2ರಲ್ಲಿ. ಉಳಿದವರು 3ರಲ್ಲಿ. ಹೊಸದರಲ್ಲಿ ಎಲ್ಲರೂ 3ರಲ್ಲೇ. ಕ್ಲೆರಿಕ್ ಆಡುವವರು 3ರವರೆಗೆ ಕಾದು ಕೂತರೆ ಅವರಿಗೆ ಸಿಗಬೇಕಾದ್ದು ಸುಮ್ನೆ ಕೈತಪ್ಪುತ್ತದೆ. ಲೈಫ್ ಡೊಮೇನ್‌ನವರಿಗಂತೂ ಹೆವಿ ಆರ್ಮರ್ 1ರಿಂದಲೇ ಬರಬೇಕು.

ತಪ್ಪು ಸಿಕ್ಕಾಗ ಎಲ್ಲರ ಎದುರು ಹಿಡಿದು ತೋರಿಸಬೇಡಿ. ಅವರ ಜೊತೆ ಪಕ್ಕಕ್ಕೆ ಕೂತು ಸರಿಪಡಿಸಿ. ಶೀಟ್ ಅನ್ನುವುದು ಆಟಗಾರರಿಗೆ ಬಹಳ ಹತ್ತಿರದ ವಸ್ತು.

ಹಂತ 5: ಫೋನ್ ಮತ್ತು ಆಪ್ ಹಿಡಿತದಲ್ಲಿಡಿ

ಬೆರಕೆ ಹೆಚ್ಚಾಗಿ ನುಗ್ಗುವುದು ಇಲ್ಲಿಂದ. ಮಂತ್ರದ ಹೆಸರು ಹಾಕಿ ಹುಡುಕಿದರೆ ಯಾವ ಎಡಿಷನ್ ಅಂತ ಹೇಳದೆ ಉತ್ತರ ಬರುತ್ತದೆ. ಎಐ ಚಾಟ್ ಕೂಡ ಎರಡನ್ನೂ ಬೆರೆಸಿ ನಂಬುವ ಹಾಗೆ ಹೇಳಿಬಿಡುತ್ತದೆ. ವಿಡಿಯೋದಲ್ಲಂತೂ ನೋಡುವವರಿಗೆ ಗೊತ್ತಿದೆ ಅಂದುಕೊಂಡೇ ಮಾತಾಡುತ್ತಾರೆ.

ನಿಯಮ ಸರಳವಾಗಿರಲಿ: ಆಟ ನಡೆಯುವಾಗ ನಿಯಮಕ್ಕೆ ಫೋನ್ ಇಲ್ಲ, ಪುಸ್ತಕ ಮತ್ತು ಹಾಳೆ ಮಾತ್ರ. ಪುಟ ಸಿಗಲು ತಡವಾದರೆ ಡಿಎಂ ಆ ಕ್ಷಣಕ್ಕೆ ಒಂದು ತೀರ್ಪು ಕೊಡಲಿ. ನಿಯಮ ನೋಡಿಕೊಳ್ಳುವವರು ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಆಟ ಮುಗಿದ ಮೇಲೆ ಹುಡುಕಲಿ. ಆಗಿಹೋದ ಹೊಡೆತವನ್ನು ಹಿಂದಕ್ಕೆ ತಿರುಗಿಸಬೇಡಿ. ಸರಿಯಾದ ನಿಯಮ ಮುಂದಿನ ಸೆಷನ್‌ನಿಂದ.

ಡಿ ಅಂಡ್ ಡಿ ಬಿಯಾಂಡ್ ಅನ್ನುವ ಅಧಿಕೃತ ಜಾಲತಾಣದಲ್ಲಿ ಶೀಟ್ ಇಟ್ಟವರು ಲೆಗಸಿ ಅನ್ನುವ ಗುರುತು ನೋಡಿ ಆರಿಸಬೇಕು. 2014ರ ಸಾಮಗ್ರಿಗೆ ಅಲ್ಲಿ ಆ ಹೆಸರು. ಮಂತ್ರ ಸೇರಿಸುವಾಗ ಒಂದೇ ಹೆಸರು ಎರಡು ಸಲ ಕಂಡರೆ ಲೆಗಸಿ ಇರುವುದೇ ನಿಮ್ಮದು. 2024ರ ಆಗಸ್ಟ್‌ನಲ್ಲಿ ಅಲ್ಲಿನ ಹಳೇ ಶೀಟ್‌ಗಳಲ್ಲಿದ್ದ ಮಂತ್ರಗಳನ್ನು ಹೊಸದಕ್ಕೆ ಬದಲಿಸುತ್ತೇವೆ ಅಂತ ಪ್ರಕಟಿಸಿದ್ದರು. ಆಟಗಾರರು ಗಟ್ಟಿಯಾಗಿ ವಿರೋಧಿಸಿದ ಮೇಲೆ ಕೈಬಿಟ್ಟರು. ಅದಕ್ಕೇ ಹೇಳುವುದು, ಶೀಟಿನ ಒಂದು ಕಾಗದದ ಪ್ರತಿ ಯಾವಾಗಲೂ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಅದೇ ಕೈಹಿಡಿಯುತ್ತದೆ.

ಹಂತ 6: ಕಾಳಗದ ಲೆಕ್ಕ ಹಳೇ ಪಟ್ಟಿಯಿಂದಲೇ

ಡಿಎಂ ಆದವರು ಇದನ್ನು ನಿಧಾನವಾಗಿ ಓದಬೇಕು. ಇಲ್ಲಿ ತಪ್ಪಿದರೆ ಇಡೀ ಗುಂಪು ಮೊದಲ ಕಾಳಗದಲ್ಲೇ ಸಾಯುತ್ತದೆ.

ಹಳೇ ಲೆಕ್ಕದಲ್ಲಿ 1ನೇ ಲೆವೆಲ್‌ನ ಒಬ್ಬರಿಗೆ ಸುಲಭ 25, ಮಧ್ಯಮ 50, ಕಷ್ಟ 75, ಮಾರಕ 100 ಎಕ್ಸ್‌ಪಿ (ಅನುಭವದ ಅಂಕ). ನಾಲ್ವರಿದ್ದರೆ 100, 200, 300, 400. ಒಂದು ಗಾಬ್ಲಿನ್‌ಗೆ 50. ನಾಲ್ಕು ಗಾಬ್ಲಿನ್ ಅಂದರೆ 200, ಅಂದರೆ ಮಧ್ಯಮ ಅನ್ನಿಸುತ್ತದೆ. ಆದರೆ ಹಳೇ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಶತ್ರುಗಳ ಸಂಖ್ಯೆಗೆ ತಕ್ಕಂತೆ ಗುಣಿಸಬೇಕು. ಇಬ್ಬರಿದ್ದರೆ ಒಂದೂವರೆ ಪಟ್ಟು, 3ರಿಂದ 6 ಇದ್ದರೆ ಎರಡು ಪಟ್ಟು, 7ರಿಂದ 10 ಇದ್ದರೆ ಎರಡೂವರೆ ಪಟ್ಟು. ಹಾಗಾಗಿ 200 ಎರಡರಿಂದ ಗುಣಿಸಿ 400. ಇದು ಮಾರಕ!

ಹೊಸ ಪುಸ್ತಕದಲ್ಲಿ ಈ ಗುಣಾಕಾರವೇ ಇಲ್ಲ. ಅದರ ಪಟ್ಟಿಯಲ್ಲಿ ನಾಲ್ವರಿಗೆ ಕಡಿಮೆ ಅಪಾಯದ ಮಿತಿಯೇ 200. ಅಂದರೆ ಅದೇ ನಾಲ್ಕು ಗಾಬ್ಲಿನ್ ಹೊಸ ಪಟ್ಟಿಯಲ್ಲಿ ಸುಲಭ, ಹಳೇ ಪಟ್ಟಿಯಲ್ಲಿ ಮಾರಕ. ಹೊಸ ಕ್ಯಾರೆಕ್ಟರ್‌ಗಳಿಗೆ ಮೊದಲಿನಿಂದಲೇ ಫೀಟ್ ಇದೆ, ಗುಣಪಡಿಸುವ ಮಂತ್ರ ಜೋರಾಗಿದೆ. ನಿಮ್ಮವರಿಗೆ ಅದು ಇಲ್ಲ. ಆನ್‌ಲೈನ್ ಎನ್‌ಕೌಂಟರ್ ಲೆಕ್ಕದ ಆಪ್ ಬಳಸುವ ಮುಂಚೆ ನಾಲ್ಕು ಗಾಬ್ಲಿನ್, 1ನೇ ಲೆವೆಲ್‌ನ ನಾಲ್ವರು ಅಂತ ಹಾಕಿ ನೋಡಿ. ಮಾರಕ ಅಂತ ಬಂದರೆ ಆಪ್ ಹಳೇ ಲೆಕ್ಕದ್ದು.

ಇನ್ನೊಂದು ತಪ್ಪು: ಗುಣಿಸಿದ 400ನ್ನೇ ಆಟಗಾರರಿಗೆ ಹಂಚುವುದು. ಗುಣಾಕಾರ ಅಪಾಯ ಅಳೆಯಲು ಮಾತ್ರ. ಹಂಚುವುದು 200, ತಲೆಗೆ 50.

ಹಂತ 7: ಆಟದ ದಿನ ಬೇರೆ, ನಮ್ಮ ಭಾನುವಾರ ಬೇರೆ

"ಹಳೇ ನಿಯಮದಾಗ ವಿಜರ್ಡ್ ಒಬ್ಬನs ಎಲ್ಲಾ ಮಾಡ್ತಾನ, ಫೈಟರ್‌ಗೆ ಕೆಲಸನs ಇಲ್ಲ" ಅನ್ನುವ ಮಾತು ಬಹಳ ಕೇಳಿಬರುತ್ತದೆ. ಹೊಸದಕ್ಕೆ ಹೋಗೋಣ ಅನ್ನುವವರು ಕೊಡುವ ದೊಡ್ಡ ಕಾರಣವೂ ಇದೇ. ಹೆಚ್ಚಿನ ಸಲ ತಪ್ಪಿರುವುದು ನಿಯಮದಲ್ಲಲ್ಲ, ವಿಶ್ರಾಂತಿಯ ಲೆಕ್ಕದಲ್ಲಿ.

2014ರ ಡಿಎಂ ಪುಸ್ತಕ ಎರಡು ಲಾಂಗ್ ರೆಸ್ಟ್ ನಡುವೆ ಮಧ್ಯಮ ಅಥವಾ ಕಷ್ಟದ 6ರಿಂದ 8 ಎದುರುಬದುರು (ಎನ್‌ಕೌಂಟರ್), ನಡುವೆ ಎರಡು ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಅಂತ ಲೆಕ್ಕ ಹಾಕಿದೆ. ನಮ್ಮಲ್ಲಿ ಆಗುವುದೇನು? ಒಬ್ಬರು ಸಪ್ತಾಪುರದಿಂದ, ಇನ್ನೊಬ್ಬರು ವಿದ್ಯಾನಗರದಿಂದ ಬರಬೇಕು. ಸೇರುವಷ್ಟರಲ್ಲಿ ಸಂಜೆ. ಗಿರಮಿಟ್, ಮಿರ್ಚಿ ಭಜಿ ಆಗುವಷ್ಟರಲ್ಲಿ ಇನ್ನರ್ಧ ಗಂಟೆ. ರಾತ್ರಿ ಬಸ್ ಹಿಡಿಯಬೇಕು ಅಂತ ಅವಸರ. ಒಂದು ಕಾಳಗ ಮುಗಿಸಿ "ಎಲ್ಲರೂ ಮಲಗಿದಿರಿ, ಎಲ್ಲಾ ವಾಪಸ್ ಬಂತು" ಅಂತ ಡಿಎಂ ಹೇಳಿಬಿಡುತ್ತಾರೆ. ಹೀಗಾದರೆ ವಿಜರ್ಡ್ ತನ್ನ ಎಲ್ಲ ಮಂತ್ರವನ್ನೂ ಒಂದೇ ಕಾಳಗದಲ್ಲಿ ಸುರಿಯುತ್ತಾರೆ. ಶಾರ್ಟ್ ರೆಸ್ಟ್ ನಂಬಿಕೊಂಡ ಫೈಟರ್, ಮಾಂಕ್, ವಾರ್‌ಲಾಕ್ ಸೊರಗುತ್ತಾರೆ.

ಪರಿಹಾರ: ಸೆಷನ್ ಮುಗಿಯಲಿ, ಆಟದೊಳಗಿನ ದಿನ ಮುಗಿಯದಿರಲಿ. ಹೊರಡುವ ಮುಂಚೆ ಪ್ರತಿಯೊಬ್ಬರೂ ಉಳಿದ ಹಿಟ್ ಪಾಯಿಂಟ್, ಹಿಟ್ ಡೈಸ್, ಸ್ಪೆಲ್ ಸ್ಲಾಟ್ ಬರೆದು ಅದರ ಫೋಟೋ ಗುಂಪಿನ ವಾಟ್ಸಾಪ್‌ಗೆ ಹಾಕಲಿ. ಮುಂದಿನ ವಾರ ಅಲ್ಲಿಂದಲೇ ಶುರು. ಒಂದು ಆಟದ ದಿನ ಮೂರು ಭಾನುವಾರ ಹಿಡಿದರೂ ಪರವಾಗಿಲ್ಲ. 8 ಕಾಳಗವೇ ಆಗಬೇಕು ಅಂತಲೂ ಇಲ್ಲ. ಹೊಳೆ ದಾಟುವುದು, ಬಲೆಗೆ ಬಿದ್ದವರನ್ನು ಬಿಡಿಸುವುದು, ಮಂತ್ರ ಖರ್ಚು ಮಾಡಿಸುವ ಯಾವ ಕಷ್ಟವೂ ಲೆಕ್ಕಕ್ಕೆ ಬರುತ್ತದೆ. ಇಷ್ಟು ಮಾಡಿದರೆ ಫೈಟರ್ ಆಡುವವರ ಮುಖ ಅರಳುತ್ತದೆ, ನೋಡಿ.

ಹಂತ 8: ಹೊಸ ಕತೆಯನ್ನು ಹಳೇ ನಿಯಮದಲ್ಲಿ ಆಡಿಸುವುದು

2024ರ ನಂತರ ಬಂದ ಅಡ್ವೆಂಚರ್ ಪುಸ್ತಕ ಇಷ್ಟವಾದರೆ ಬಿಡಬೇಕಾಗಿಲ್ಲ. ಕಷ್ಟದ ಅಂಕ, ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) ಅಳತೆ ಒಂದೇ ಆದ್ದರಿಂದ ಕತೆ, ನಕ್ಷೆ, ಬಲೆಗಳು ಹಾಗೇ ನಡೆಯುತ್ತವೆ. ರಾಕ್ಷಸರನ್ನು ಮಾತ್ರ ಬದಲಿಸಿ. ಅದೇ ಹೆಸರಿನದನ್ನು 2014ರ ಪುಸ್ತಕ ಅಥವಾ ಎಸ್‌ಆರ್‌ಡಿ 5.1ರಿಂದ ತೆಗೆಯಿರಿ. ಹೆಸರು ಸಿಗದಿದ್ದರೆ ಅದೇ ಚಾಲೆಂಜ್ ರೇಟಿಂಗ್‌ನ (ರಾಕ್ಷಸರ ಬಲದ ಅಳತೆ), ಅದೇ ಥರದ ಇನ್ನೊಂದನ್ನು ಹಾಕಿ. ಆಮೇಲೆ ಸಂಖ್ಯೆಯನ್ನು 6ನೇ ಹಂತದ ಲೆಕ್ಕದಲ್ಲಿ ಮತ್ತೆ ಅಳೆಯಿರಿ. ಗುಂಪಾಗಿ ಬರುವ ಚಿಕ್ಕ ಶತ್ರುಗಳನ್ನು ಕಡಿಮೆ ಮಾಡಬೇಕಾಗಿ ಬರುವುದೇ ಹೆಚ್ಚು.

ಇದನ್ನು ಮನೆಯಲ್ಲೇ ಮಾಡಿ ಮುಗಿಸಿ. ಮೇಜಿನ ಮುಂದೆ ಕೂತು ಎರಡು ಪುಸ್ತಕ ತಿರುವಿದರೆ ಹೊಸ ಅಂಕಿಗಳು ಒಳಗೆ ನುಸುಳುತ್ತವೆ.

ಹಂತ 9: ಹೊಸಬರು ಬಂದಾಗ

ಸೆಮಿಸ್ಟರ್ ಮುಗಿಯುತ್ತದೆ. ಒಬ್ಬರು ಹಾವೇರಿಗೆ ವಾಪಸ್, ಇನ್ನೊಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ. ಗುಂಪಿಗೆ ಹೊಸಬರು ಬರಲೇಬೇಕು. ಈಗ ಬರುವವರ ಕೈಯಲ್ಲಿ ಹೊಸ ಪುಸ್ತಕ ಇರುವ ಸಾಧ್ಯತೆ ಜಾಸ್ತಿ. ಅವರು ದುಡ್ಡು ಕೊಟ್ಟು ಪ್ರೀತಿಯಿಂದ ಕೊಂಡಿದ್ದಾರೆ. "ಅದು ನಮ್ಮಲ್ಲಿ ನಡಿಯಂಗಿಲ್ಲ" ಅಂತ ಮುಖಕ್ಕೆ ಹೇಳಿದರೆ ಮತ್ತೆ ಬರುವುದಿಲ್ಲ.

ಕರೆಯುವಾಗಲೇ 2014ರ ನಿಯಮ ಅಂತ ತಿಳಿಸಿ. ಪುಸ್ತಕ ಕೊಳ್ಳಬೇಡಿ, ನಮ್ಮಲ್ಲಿ ಪ್ರತಿ ಇದೆ ಅಂತಲೂ ಹೇಳಿ. ಮೊದಲ ದಿನ ಸಿದ್ಧ ಮಾಡಿಟ್ಟ ಒಂದು ಕ್ಯಾರೆಕ್ಟರ್ ಕೊಟ್ಟು ಕೂರಿಸಿ. ಆಟದ ನಂತರ ಒಬ್ಬರು ಜೊತೆಗೆ ಕೂತು ಅವರದೇ ಶೀಟ್ ಹಳೇ ನಿಯಮದಲ್ಲಿ ಮಾಡಿಸಲಿ. ಹೊಸ ಪುಸ್ತಕದ ಚಿತ್ರ, ಕಲ್ಪನೆಗಳನ್ನು ಕ್ಯಾರೆಕ್ಟರ್‌ನ ಕತೆಗೆ ಬಳಸಿಕೊಳ್ಳಲು ಹೇಳಿ. ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಹೊಸಬರಿಗೆ ಕೊಡಲು 3ನೇ ಹಂತದ ಹಾಳೆಯ ಎರಡು ಪ್ರತಿ ಹೆಚ್ಚಿಗೆ ಇಟ್ಟಿರಿ.

ಇವು ಕಂಡರೆ ಎಚ್ಚರವಾಗಿ

ಒಂದೇ ಮಂತ್ರಕ್ಕೆ ಇಬ್ಬರು ಬೇರೆ ಬೇರೆ ದಾಳ ಎತ್ತುತ್ತಿದ್ದರೆ. ಇನ್‌ಸ್ಪಿರೇಷನ್ (ಚೆನ್ನಾಗಿ ಆಡಿದ್ದಕ್ಕೆ ಡಿಎಂ ಕೊಡುವ ಬಹುಮಾನ) ಸಿಕ್ಕವರು ಅಡ್ವಾಂಟೇಜ್ (ಎರಡು ಸಲ ಹಾಕಿ ಜಾಸ್ತಿ ಬಿದ್ದದ್ದನ್ನು ಹಿಡಿಯುವುದು) ಕೇಳುವ ಬದಲು ಬಿದ್ದ ದಾಳವನ್ನೇ ಮತ್ತೆ ಹಾಕುತ್ತಿದ್ದರೆ. ಹೊಡೆತ ತಾಗಿದಾಗಲೆಲ್ಲ ಶತ್ರು ಕೆಳಗೆ ಬೀಳಬೇಕು ಅಂತ ಒಬ್ಬರು ಕೇಳುತ್ತಿದ್ದರೆ. "ಆಪ್‌ನಾಗ ಹಿಂಗ ತೋರಸಾಕತ್ತೈತಿ" ಅನ್ನುವ ಮಾತು ಒಂದೇ ಸಂಜೆ ಎರಡು ಸಲ ಬಂದರೆ. ಇವುಗಳಲ್ಲಿ ಯಾವುದು ಕಂಡರೂ ಆ ಸೆಷನ್ ಮುಗಿದ ಮೇಲೆ 4ನೇ ಹಂತಕ್ಕೆ ಹೋಗಿ, ಶೀಟ್‌ಗಳನ್ನು ಮತ್ತೆ ನೋಡಿ.

ಇನ್ನೊಂದು ಗುರುತು ಬೇರೆ ಥರದ್ದು. ಡಿಎಂ ಬಿಟ್ಟು ಉಳಿದವರೆಲ್ಲ ಹೊಸ ನಿಯಮ ಬೇಕು ಅಂತ ಬಾಯಿಬಿಟ್ಟು ಕೇಳುತ್ತಿದ್ದರೆ ಅದನ್ನು ಬೆರಕೆ ಅಂತ ತಳ್ಳಿಹಾಕಬೇಡಿ. ಈಗ ನಡೆಯುತ್ತಿರುವ ಕತೆಯನ್ನು ಹಳೇ ನಿಯಮದಲ್ಲೇ ಮುಗಿಸಿ. ಮುಂದಿನ ಕತೆಗೆ ಕೂತು ಮಾತಾಡಿ, ನೋಟ್‌ಬುಕ್ಕಿನ ಮೊದಲ ಪುಟವನ್ನು ಎಲ್ಲರ ಮುಂದೆ ಹೊಸದಾಗಿ ಬರೆಯಿರಿ. ಕತೆಯ ನಡುವೆ ಮಾತ್ರ ನಿಯಮ ಬದಲಿಸಬೇಡಿ. ಆಡಿ ಬೆಳೆಸಿದ ಕ್ಯಾರೆಕ್ಟರ್‌ಗಳ ಅರ್ಧ ಶಕ್ತಿ ಒಂದೇ ದಿನ ಬೇರೆಯಾಗುತ್ತದೆ, ಆ ಶೀಟ್‌ಗಳನ್ನು ಸರಿಪಡಿಸಲು ಕೂತ ಗುಂಪು ಮತ್ತೆ ಆಟಕ್ಕೆ ಏಳುವುದು ಕಷ್ಟ.